ಹಿಂದಿನ ಗಾಲಿ ವ್ಹೀಲ್ ಸಿಲಿಂಡರ್ ಸೋರಾಕತ್ತೇತಿ: ಬರೇ ಕಿಟ್ ಹಾಕಿಸ್ಲೋ, ಪೂರಾ ಸಿಲಿಂಡರ್ ಬದಲಿಸ್ಲೋ?

ಕೋಥ್ರೂಡ್_ಹುಬ್ಬಳ್ಳಿ:

ನಮಸ್ಕಾರ್ರಿ ಎಲ್ಲಾರಿಗೂ. ಪುಣೇದಾಗ ಇರ್ತೀನಿ, ಗಾಡಿ 2008ರ ವ್ಯಾಗನ್ ಆರ್, ಮುಂದ ಡಿಸ್ಕ್ ಹಿಂದ ಡ್ರಮ್. ಮಳಿ ಹಿಡಿಯೂ ಮೊದ್ಲ ಇಲ್ಲೇ ಒಂದ್ ಗ್ಯಾರೇಜಿನ್ಯಾಗ ಹಿಂದಿನ ಎರಡೂ ಗಾಲಿಗೆ ಹೊಸಾ ಲೈನರ್ (ಡ್ರಮ್ಮಿಗೆ ಉಜ್ಜಿ ಗಾಲಿ ನಿಲ್ಲಸೂ ಪಟ್ಟಿ) ಹಾಕಿಸಿದ್ದೆ, ಅಲ್ಲೀತನಕಾ ಬ್ರೇಕ್ ಆಯಿಲ್ ಕಮ್ಮಿ ಆಗೂದು ಅಂದ್ರ ಗೊತ್ತಿದ್ದಿಲ್ಲ. ಈಗ ಬಾನೆಟ್ ಎತ್ತಿ ನೋಡಿದ್ರ ಡಬ್ಬಿಯೊಳಗ ಆಯಿಲ್ ಕೆಳಗಿನ ಗೆರಿಗಿಂತ ಕೆಳಗ ಹೋಗೇತಿ, ಪೆಡಲ್ ಮೊದಲಿನಕಿಂತ ಆಳಕ್ಕ ಇಳೀತೈತಿ, ಎರಡನೇ ಸಲ ಒತ್ತಿದ್ರ ಮತ್ತ ಗಟ್ಟಿ ಆಗ್ತೈತಿ. ಎಡಗಡೆ ಹಿಂದಿನ ಟೈರಿನ ಒಳಮಗ್ಗಲಿಗೆ ಹಸಿ ಕಲೆ ಬಿದ್ದೈತಿ, ಬೆರಳಿಗೆ ಹಚ್ಚಿದ್ರ ಜಾರ್ತೈತಿ, ಮಳಿ ನೀರಂತೂ ಅಲ್ಲ.

ಲೈನರ್ ಹಾಕಿದ ಗ್ಯಾರೇಜಿನವ್ರನ್ನ ಕೇಳಿದ್ರ ವ್ಹೀಲ್ ಸಿಲಿಂಡರ್ (ಆಯಿಲ್ ಒತ್ತಡಕ್ಕ ಲೈನರನ್ನ ಡ್ರಮ್ಮಿಗೆ ಒತ್ತೂದು) ವಾಷರ್ ಹೋಗ್ಯಾವ, ರಬ್ಬರ್ ಕಿಟ್ ಹಾಕಿದ್ರ ಮುಗೀತು, ಲೈನರ್‌ನ ಪೆಟ್ರೋಲ್‌ನ್ಯಾಗ ತೊಳದು ಅದನ್ನ ಹಾಕ್ತೀವಿ ಅಂತಾರ. ಮನಿ ಹತ್ರದ ಇನ್ನೊಬ್ರು ಮೆಕ್ಯಾನಿಕ್ ಕಿಟ್ ಮುಟ್ಟಾಂಗಿಲ್ಲ, ಎರಡೂ ಕಡೆ ಹೊಸಾ ಸಿಲಿಂಡರ್ರೇ ತಗೊಂಡ್ ಬರ್ರಿ ಅಂತಾರ. ಯಾರ ಮಾತ ಕೇಳೂದು ತಿಳೀವಲ್ದು. ಗಣಪತಿ ಹಬ್ಬಕ್ಕ ಅಪ್ಪಾಜಿ ಅವ್ವನ್ನ ಕರ್ಕೊಂಡು ಹುಬ್ಬಳ್ಳಿಗೆ ಹೋಗೂದೈತಿ, ಖಂಬಾಟಕಿ ಘಾಟ್ ದಾಟಬೇಕು, ಹಂಗಾಗಿ ರೊಕ್ಕಾ ಉಳಸೂದು ನನಗ ಮುಖ್ಯ ಅಲ್ಲ, ಆದ್ರ ಬ್ಯಾಡಾಗಿದ್ದನ್ನ ಬದಲಿಸೂದೂ ಬ್ಯಾಡ. ಬಲಗಡೆ ಒಣಾ ಐತಿ, ಅದನ್ಯಾಕ ಬಿಚ್ಚಬೇಕು? ಮತ್ತ ಹೊಸಾ ಲೈನರ್ ಹಾಕಿದ ಮ್ಯಾಲೇ ಯಾಕ ಸೋರಾಕ ಹತ್ತೇತಿ? ಗೊತ್ತಿದ್ದವ್ರು ಸ್ವಲ್ಪ ಬಿಡಿಸಿ ಹೇಳ್ರಿ.

ಡೊಂಬಿವಲಿ_ಉಡುಪಿ:

ಮೊದಲು ಗಾಡಿ ನಿಲ್ಲಿಸಿ ಮಾರಾಯ್ರೆ, ಕಿಟ್ಟಾ ಸಿಲಿಂಡರಾ ಅಂತ ಆಮೇಲೆ ನೋಡುವ. ಡಬ್ಬಿಗೆ ಆಯಿಲ್ ತುಂಬಿಸಿಕೊಂಡು ಓಡಿಸ್ತಾ ಇದ್ರೆ ಅದು ಇನ್ನೂ ಸೋರ್ತಾನೇ ಇರ್ತದೆ, ಯಾವ ಸಿಗ್ನಲಲ್ಲಿ ಪೆಡಲ್ ಪೂರ್ತಿ ಒಳಗೆ ಹೋಗ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಈಗಿನ ಮಾಸ್ಟರ್ ಸಿಲಿಂಡರಲ್ಲಿ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುದು ಇದೇ) ಎರಡು ಬೇರೆ ಬೇರೆ ಲೈನ್ ಉಂಟು, ಮುಂದೆ ಎಳೆಯುವ ಗಾಡಿಗಳಲ್ಲಿ ಸಾಮಾನ್ಯವಾಗಿ ಓರೆಯಾಗಿ ಕೊಟ್ಟಿರ್ತಾರೆ, ಅಂದ್ರೆ ಹಿಂದಿನ ಎಡ ಮತ್ತು ಮುಂದಿನ ಬಲ ಒಂದು ಜೋಡಿ. ನಿಮ್ಮದು ಹಿಂದಿನ ಎಡ ಸೋರಿ ಆ ಲೈನ್ ಖಾಲಿ ಆದ್ರೆ ಮುಂದಿನ ಒಂದು ಡಿಸ್ಕ್ ಕೂಡ ಅದರ ಜೊತೆಗೇ ಹೋಗ್ತದೆ. ಉಳಿದ ಅರ್ಧ ಬ್ರೇಕಿನಲ್ಲಿ ಅಪ್ಪ ಅಮ್ಮನ್ನ ಕೂರಿಸಿಕೊಂಡು ಮಳೆಯಲ್ಲಿ ಹೋಗುದು ಬೇಡ. ಗ್ಯಾರೇಜಿಗೆ ಕೂಡ ಅದನ್ನೇ ಓಡಿಸಿಕೊಂಡು ಹೋಗ್ಬೇಡಿ, ಮೆಕ್ಯಾನಿಕನ್ನೇ ಮನೆಗೆ ಕರೆಸಿ, ಇದು ಮನೆ ಅಂಗಳದಲ್ಲಿ ಆಗುವ ಕೆಲಸವೇ.

ಆ ಲೈನರ್ ತೊಳೆಯುವ ವಿಷಯಕ್ಕೆ ಮಾತ್ರ ಒಪ್ಪಬೇಡಿ. ಆಯಿಲ್ ಕುಡಿದ ಲೈನರನ್ನು ಪೆಟ್ರೋಲಲ್ಲಿ ತೊಳೆದ್ರೂ ಬೆಂಕಿಗೆ ಹಿಡಿದ್ರೂ ಉಜ್ಜಿದ್ರೂ ಒಳಗೆ ಇಳಿದದ್ದು ಹೋಗುದಿಲ್ಲ, ಬಿಸಿ ಆದಾಗ ಪುನಃ ಮೇಲೆ ಬರ್ತದೆ, ಆ ಚಕ್ರ ಒಂದು ಥರ ಹಿಡೀತದೆ ಈ ಚಕ್ರ ಒಂದು ಥರ ಹಿಡೀತದೆ, ಗಾಡಿ ಒಂದು ಬದಿಗೆ ಎಳೀತದೆ. ಹೊಸದೇ ಹಾಕಿ, ಎರಡೂ ಬದಿಗೆ.

ವಾಸ್ಕೋ_ವಿಜಯಪುರ:

ಗೋವಾದಾಗ ಗ್ಯಾರೇಜ್ ಕೆಲಸಾನೇ ನಂದು, ಮಳಿಗಾಲ ಬಂತಂದ್ರ ಇದೇ ತಕರಾರಿನ ಗಾಡಿ ಜಾಸ್ತಿ ಬರ್ತಾವ. ಹೊಸಾ ಲೈನರ್ ಹಾಕಿದ ಮ್ಯಾಲೇ ಯಾಕ ಅಂತ ಕೇಳೀರಲ್ಲ, ಅದನ್ನೇ ಮೊದ್ಲ ಹೇಳ್ತೀನಿ, ಅದು ತಿಳದ್ರ ಉಳದದ್ದು ತಾನೇ ತಿಳೀತದ.

ಲೈನರ್ ಸವದಂಗೆಲ್ಲಾ ಸಿಲಿಂಡರ್ ಒಳಗಿನ ಎರಡೂ ಪಿಸ್ಟನ್ ಸ್ವಲ್ಪ ಸ್ವಲ್ಪ ಹೊರಗ ಸರ್ಕೋತ ಬರ್ತಾವ. ಅವುಗಳ ಹಿಂದಿನ, ಆಯಿಲ್ ತಡೆಯೂ ರಬ್ಬರ್ ಕಪ್ಪೂ ಸರೀತಾವ, ಆ ಹೊಸಾ ಜಾಗಾದಾಗೇ ವರ್ಷಗಟ್ಲೆ ಹಿಂದ ಮುಂದ ಆಡ್ತಾವ, ಹಂಗಾಗಿ ಅಷ್ಟು ಜಾಗಾ ನುಣ್ಣಗ ಇರ್ತದ. ಎರಡು ಕಪ್ಪಿನ ನಡುವ ಮಾತ್ರ ಹಳೇ ಆಯಿಲ್ ನಿಂತಲ್ಲೇ ನಿಂತಿರ್ತದ. ಬ್ರೇಕ್ ಆಯಿಲ್ ಗಾಳ್ಯಾಗಿನ ತೇವಾ ಎಳಕೋತದ, ಎಷ್ಟೋ ಮಂದಿ ಗಾಡಿ ತಗೊಂಡಾಗಿಂದ ಅದನ್ನ ಬದಲಿಸಿರೂದೇ ಇಲ್ಲ, ಅಲ್ಲಿ ಕರೀ ಕೆಸರು ಕೂಡ್ತದ, ಬೋರಿನ (ಸಿಲಿಂಡರ್ ಒಳಗಿನ ದುಂಡನ್ನ ತೂತಿನ) ತಳಕ್ಕ ತುಕ್ಕು ಹಿಡದು ಸಣ್ಣ ಸಣ್ಣ ಕುಳಿ ಬೀಳ್ತಾವ. ಹಳೇ ಲೈನರ್ ಇರೂತನಕಾ ಕಪ್ಪು ಆ ಕಡೆ ಹೋಗೂದೇ ಇಲ್ಲ, ಸೋರೂದೂ ಇಲ್ಲ. ಹೊಸಾ ದಪ್ಪನ್ನ ಲೈನರ್ ಕೂಡಿಸಬೇಕಂದ್ರ ಪಿಸ್ಟನ್ ಒಳಗ ದಬ್ಬಬೇಕು, ಆವಾಗ ಕಪ್ಪಿನ ತುಟಿ ಸೀದಾ ಆ ಕುಳಿ ಮ್ಯಾಲ ಬಂದು ಕೂಡ್ತದ, ಪ್ರತಿ ಸಲ ಪೆಡಲ್ ಒತ್ತಿದಾಗ ಅಲ್ಲೇ ಒರಸ್ತದ, ಹರೀತದ, ಸೋರ್ತದ. ನಿಮ್ಮ ಗಾಡೀದಾಗ ಆಗಿದ್ದು ಇದೇ ಅಂತ ನನ್ನ ಲೆಕ್ಕ. ಲೈನರ್ ಹಾಕೂಮುಂದ ಸಿಲಿಂಡರಿನ ರಬ್ಬರ್ ಬೂಟ್ ಒಂದು ಎತ್ತಿ ನೋಡಿದ್ರ ಆಗಲೇ ಗೊತ್ತಾಗ್ತಿತ್ತು, ಆ ಒಂದು ನಿಮಿಷದ ಕೆಲಸಾ ಭಾಳ ಮಂದಿ ಮಾಡೂದಿಲ್ಲ.

ಈಗ ಡ್ರಮ್ ಬಿಚ್ಚಿಸ್ರಿ, ನೀವೇ ಬಗ್ಗಿ ನೋಡ್ರಿ. ಸಿಲಿಂಡರಿನ ಎರಡೂ ತುದಿಗೆ ಕರೀ ರಬ್ಬರ್ ಬೂಟ್ ಇರ್ತದ, ಸಣ್ಣ ಸ್ಕ್ರೂಡ್ರೈವರ್‌ಲೆ ಅದರ ಅಂಚು ಮೆಲ್ಲಕ ಎತ್ರಿ. ಒಳಗ ಬರೇ ತೇವಾ ಕಂಡ್ರ ಹೆದರಬ್ಯಾಡ್ರಿ, ಅಷ್ಟು ಎಲ್ಲಾ ಗಾಡ್ಯಾಗೂ ಇರ್ತದ. ಎತ್ತಿದ ಕೂಡ್ಲೇ ಹನಿ ಕಟ್ಟಿ ಕೆಳಗ ಇಳದ್ರ ಆ ಸಿಲಿಂಡರ್ ಮುಗೀತು. ಬಲಗಡೆದೂ ಹಿಂಗೇ ನೋಡ್ರಿ, ಹೊರಗಿಂದ ಒಣಾ ಕಂಡಿದ್ದು ಒಳಗ ತುಂಬಿರ್ತದ, ಬೂಟ್ ಅದನ್ನ ಹಿಡಕೊಂಡಿರ್ತದ ಅಷ್ಟ. ಎರಡೂ ಒಂದೇ ವಯಸ್ಸಿನವು, ಒಂದೇ ಆಯಿಲ್ ಕುಡದವು.

ಕಿಟ್ ಹಾಕಬೇಕೋ ಬ್ಯಾಡೋ ಅನ್ನೂದನ್ನ ಬೋರ್ ಹೇಳ್ತದ, ನಾನಲ್ಲ, ಗ್ಯಾರೇಜಿನವ್ರೂ ಅಲ್ಲ. ಪಿಸ್ಟನ್, ಕಪ್, ಸ್ಪ್ರಿಂಗ್ ಎಲ್ಲಾ ತಗದು ಸ್ವಚ್ಛ ಅರಿವಿಲೆ ಒರಸಿ ಬ್ಯಾಟರಿ ಹಿಡದು ನೋಡ್ರಿ, ಆಮ್ಯಾಲ ಕಿರುಬೆರಳಿನ ಉಗುರು ತಳದಾಗ ಎಳೀರಿ. ಬರೇ ಬಣ್ಣ ಹೋದ ಕಲೆ ಇದ್ದು ಉಗುರಿಗೆ ಏನೂ ಹತ್ಲಿಲ್ಲ ಅಂದ್ರ ಕಿಟ್ ಹಾಕ್ಬಹುದು. ಉಗುರು ಎಲ್ಲೇ ತಡೀಲಿ, ಹೊಸಾ ಸಿಲಿಂಡರ್. ಕೆಲವ್ರು ಹೋನ್ (ಬೋರ್ ಒಳಗ ತಿರುಗಿಸಿ ಉಜ್ಜೂ ಕಲ್ಲು) ಹಾಕಿ ಉಜ್ಜಿ ಕೊಡ್ತೀವಿ ಅಂತಾರ, ಬೀಡುಕಬ್ಬಿಣದ ಸಿಲಿಂಡರ್ ಇದ್ರ ತೆಳುವಾಗಿ ಒಂದ್ ಕೈ ಆಡಿಸಿದ್ರ ನಡೀತದ, ಕುಳಿ ಹೋಗೂತನಕಾ ಉಜ್ಜಿದ್ರ ಬೋರೇ ದೊಡ್ಡದಾಗ್ತದ. ಅಲ್ಯೂಮಿನಿಯಂ ಬಾಡಿ ಇದ್ರ ಉಜ್ಜಲೇಬಾರದು, ಬೋರಿನ ಮ್ಯಾಲಿನ ಗಟ್ಟಿ ಪದರು ಹೋಗ್ತದ, ಆಮ್ಯಾಲ ಇನ್ನೂ ಜಲ್ದಿ ತಿಂತದ.

ಇನ್ನೊಂದು ಮಾತು. ಗೋವಾ, ಮುಂಬೈ ಕಡೆ ಉಪ್ಪಿನ ಗಾಳಿಗೆ ಬ್ಲೀಡಿಂಗ್ ನಿಪ್ಪಲ್ (ಪೈಪಿನ್ಯಾಗಿನ ಏರ್ ಹೊರಗ ಬಿಡೂ ಸಣ್ಣ ಸ್ಕ್ರೂ) ಒಳಗೇ ಕಚ್ಚಿಕೊಂಡಿರ್ತದ, ಪುಣೇದಾಗ ಅಷ್ಟಿರ್ಲಿಕ್ಕಿಲ್ಲ, ಆದ್ರೂ ಹಳೇ ಗಾಡಿ. ಉಳದದ್ದನ್ನ ಬಿಚ್ಚೂಕಿಂತ ಮೊದ್ಲ ನಿಪ್ಪಲ್ಲು ಮತ್ತ ಪೈಪಿನ ನಟ್ಟು ಸಡಿಲ ಆಗ್ತಾವೋ ನೋಡ್ರಿ. ಹಿಂದಿನ ದಿನಾನೇ ತಂತಿ ಬ್ರಷ್‌ಲೆ ಸ್ವಚ್ಛ ಮಾಡಿ ತುಕ್ಕು ಬಿಡಿಸೂ ಎಣ್ಣಿ ಹೊಡದು ಬಿಡ್ರಿ. ಪೈಪಿನ ನಟ್ಟಿಗೆ ಸಾದಾ ಪಾನಾ ಹಾಕಿದ್ರ ಮೂಲಿ ಉರುಟ ಆಗಿ ಬಿಡ್ತಾವ, ಫ್ಲೇರ್ ನಟ್ ಪಾನಾ ಅಂತ ಬರ್ತದ, ಅದೇ ಬೇಕು. ನಟ್ ತಿರುಗಿಸಿದಂಗ ಪೈಪೂ ಜೋಡಿಗೆ ತಿರುಗ್ಲಿಕ್ಕೆ ಹತ್ತಿದ್ರ ಅಲ್ಲೇ ನಿಲ್ಲಸ್ರಿ, ಇಲ್ಲಾಂದ್ರ ಪೈಪ್ ಹಿಂಡಿ ಸೀಳ್ತದ. ನಿಪ್ಪಲ್ ಮುರದ ಸಿಲಿಂಡರಿಗೆ ಕಿಟ್ ಹಾಕಿ ಉಪಯೋಗಿಲ್ಲ, ಏರ್ ತಗೀಲಿಕ್ಕೆ ದಾರಿನೇ ಇರೂದಿಲ್ಲ.

ಪೈಪ್ ಬಿಚ್ಚಿದ ಮ್ಯಾಲ ಆಯಿಲ್ ಸುರಕೋತ ಹೋಗಬಾರದಂದ್ರ ಡ್ರೈವರ್ ಸೀಟಿಗೂ ಪೆಡಲಿಗೂ ನಡುವ ಒಂದು ಕೋಲು ಕೊಟ್ಟು ಪೆಡಲ್ ಒಂದಿಂಚಿನಷ್ಟು ಕೆಳಗ ಒತ್ತಿ ಇಡ್ರಿ. ಮಾಸ್ಟರ್ ಸಿಲಿಂಡರ್ ಒಳಗಿನ ಆಯಿಲ್ ಬರೂ ತೂತು ಮುಚ್ಚಿಕೋತದ, ಡಬ್ಬಿ ಖಾಲಿ ಆಗೂದಿಲ್ಲ. ಆದ್ರ ಪೈಪ್ ಬಿಚ್ಚಿದ ಮ್ಯಾಲ ಆ ಕೋಲು ಇಡ್ರಿ, ಮೊದ್ಲ ಅಲ್ಲ, ಡ್ರಮ್ ಬಿಚ್ಚಿದ್ದಾಗ ಪೆಡಲ್ ಒತ್ತಿದ್ರ ಪಿಸ್ಟನ್ ಹೊರಗ ಹಾರ್ತಾವ.

ಮಾಟುಂಗಾ_ಪದ್ಮಿನಿ:

ಮೇಲಿನವರು ಹೇಳಿದ್ದು ಸರಿ, ಆದ್ರೆ ಕಿಟ್ ಅಂದ ತಕ್ಷಣ ಅದು ಕಳಪೆ ಕೆಲಸ ಅಂದುಕೊಳ್ಳೋದು ಬೇಡ ಅಂತ ನನ್ನ ಅಭಿಪ್ರಾಯ. ನನ್ನ ಹತ್ರ ಪ್ರೀಮಿಯರ್ ಪದ್ಮಿನಿ ಇದೆ, ನಾಲ್ಕೂ ಚಕ್ರಕ್ಕೆ ಡ್ರಮ್ಮೇ. 2023ರಲ್ಲಿ ಮುಂಬೈ ರಸ್ತೆಯಿಂದ ಕೊನೇ ಪದ್ಮಿನಿ ಟ್ಯಾಕ್ಸಿಯೂ ಹೋಯ್ತು, ಈ ಗಾಡಿಗೆ ಒಳ್ಳೆ ಹೊಸ ಸಿಲಿಂಡರ್ ಬೇಕು ಅಂದ್ರೆ ಕುರ್ಲಾ, ಒಪೆರಾ ಹೌಸ್ ಕಡೆ ಅಂಗಡಿ ಅಂಗಡಿ ಅಲೀಬೇಕು. ಹಾಗಾಗಿ ಬೋರ್ ಚೆನ್ನಾಗಿದ್ರೆ ಕಿಟ್ಟೇ ಹಾಕ್ತೀನಿ, ಹಾಳಾಗಿದ್ರೆ ಲೇತಲ್ಲಿ ಬೋರ್ ದೊಡ್ಡದು ಮಾಡಿಸಿ ಸ್ಟೇನ್‌ಲೆಸ್ ಸ್ಟೀಲ್ ಸ್ಲೀವ್ ಕೂರಿಸಿ ಮತ್ತೆ ಮೊದಲಿನ ಅಳತೆಗೆ ತರಿಸೋ ದಾರಿನೂ ಇದೆ. ನಿಮ್ಮ ವ್ಯಾಗನ್ ಆರ್‌ಗೆ ಅಷ್ಟೆಲ್ಲ ಬೇಡ, ಅದರ ಸಿಲಿಂಡರ್ ಯಾವ ಸ್ಪೇರ್ ಪಾರ್ಟ್ ಅಂಗಡೀಲಾದ್ರೂ ಸಿಗುತ್ತೆ, ಪುಣೆಯಲ್ಲಿ ನಾನಾ ಪೇಠ್‌ಗೆ ಹೋದ್ರೆ ಸಾಕು.

ಕಿಟ್ ಹಾಕೋದೇ ಆದ್ರೆ ಕೈ ತುಂಬಾ ಮುಖ್ಯ. ಗ್ರೀಸ್ ಕೈಯಲ್ಲಿ ರಬ್ಬರ್ ಮುಟ್ಟಬಾರದು, ಸೋಪಲ್ಲಿ ತೊಳೆದು ಒರೆಸಿಕೊಂಡು ಕೂತ್ಕೋಬೇಕು. ಸಿಲಿಂಡರ್ ಒಳಗಡೆ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್, ಎಂಜಿನ್ ಆಯಿಲ್ ಯಾವುದೂ ಸೋಕಬಾರದು, ಈ ಕಪ್ಪುಗಳ ರಬ್ಬರ್‌ಗೆ ಅವು ತಾಗಿದ್ರೆ ಊದಿಕೊಳ್ಳುತ್ತೆ, ಮೆತ್ತಗಾಗುತ್ತೆ, ಪಿಸ್ಟನ್ ಸಿಕ್ಕಿಹಾಕಿಕೊಂಡು ಬ್ರೇಕ್ ಹಿಡಿದಿದ್ದು ಬಿಡೋದೇ ಇಲ್ಲ. ತೊಳೆಯೋಕೆ ಬ್ರೇಕ್ ಕ್ಲೀನರ್ ಸ್ಪ್ರೇ ಅಥವಾ ಹೊಸ ಬ್ರೇಕ್ ಫ್ಲೂಯಿಡ್ (ಬ್ರೇಕ್ ಆಯಿಲ್ ಅನ್ನೋದು ಇದನ್ನೇ) ಸಾಕು, ಕೂರಿಸೋವಾಗ ಕಪ್ಪು ಮತ್ತೆ ಬೋರ್ ಎರಡಕ್ಕೂ ಅದೇ ಫ್ಲೂಯಿಡ್ ಸವರಬೇಕು. ಕಪ್ಪಿನ ಬಟ್ಟಲಿನ ಥರ ಇರೋ ಕಡೆ ಒಳಗೆ, ಸ್ಪ್ರಿಂಗ್ ಕಡೆಗೆ ಬರಬೇಕು, ಒತ್ತಡ ಬಂದಾಗ ಅದರ ತುಟಿ ಅಗಲವಾಗಿ ಗೋಡೆಗೆ ಅಂಟಿಕೊಳ್ಳುತ್ತೆ, ಉಲ್ಟಾ ಹಾಕಿದ್ರೆ ಹೊಸ ಕಿಟ್ಟೂ ಸೋರುತ್ತೆ. ತುಟಿ ಮಡಚಿಕೊಳ್ಳದ ಹಾಗೆ ತಿರುಗಿಸ್ತಾ ತಿರುಗಿಸ್ತಾ ಒಳಗೆ ಕಳಿಸಬೇಕು, ಸ್ಕ್ರೂಡ್ರೈವರ್ ಹಾಕಿ ತಳ್ಳೋ ಹಾಗಿಲ್ಲ.

ಡ್ರಮ್ ಒಳಗಿನ ಧೂಳನ್ನ ಏರ್ ಹೊಡೆದು ಹಾರಿಸೋಕೆ ದಯವಿಟ್ಟು ಬಿಡಬೇಡಿ, ಹಳೇ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ನಿಮ್ಮ ಪಕ್ಕದಲ್ಲೇ ಕೂತಿರೋ ಗ್ಯಾರೇಜ್ ಹುಡುಗನ ಶ್ವಾಸಕೋಶಕ್ಕೆ ಹೋಗುತ್ತೆ ಅದು. ಒದ್ದೆ ಮಾಡಿ ಒರೆಸಿಸಿ.

ಪಿಂಪ್ರಿ_ಶಿವಮೊಗ್ಗ:

ಎಲ್ಲಾ ಚೆನ್ನಾಗಿ ಹೇಳಿದೀರಿ, ಎರಡು ಮೂರು ವಿಷಯ ಸೇರಿಸ್ತೀನಿ.

ಹೊಸ ಸಿಲಿಂಡರ್ ತಗೊಳೋವಾಗ ಬೋಲ್ಟ್ ತೂತು ಹೊಂದಿದ್ರೆ ಸಾಲದು, ಬೋರ್ ಅಳತೆ ಒಂದೇ ಇರಬೇಕು. ತುಂಬಾ ಸಿಲಿಂಡರ್‌ಗಳ ಬಾಡಿ ಮೇಲೆ ಅಳತೆ ಎರಕದಲ್ಲೇ ಇರುತ್ತೆ, ಹಳೇದನ್ನ ಕೈಯಲ್ಲೇ ಹಿಡ್ಕೊಂಡು ಹೋಗಿ ಕೌಂಟರಲ್ಲಿ ಪಕ್ಕ ಪಕ್ಕ ಇಟ್ಟು ನೋಡಿ. 17.46 ಎಂಎಂ ಇರೋ ಕಡೆ 19.05 ಎಂಎಂ ಹಾಕಿದ್ರೆ ನೋಡೋಕೆ ಒಂದೂವರೆ ಎಂಎಂ ಅಷ್ಟೇ ವ್ಯತ್ಯಾಸ, ಆದ್ರೆ ಪಿಸ್ಟನ್ ಮುಖದ ವಿಸ್ತೀರ್ಣ ಹತ್ತಿರ ಹತ್ತಿರ 19 ಪರ್ಸೆಂಟ್ ಜಾಸ್ತಿ ಆಗುತ್ತೆ, ಅದೇ ಪೆಡಲ್ ಒತ್ತಡಕ್ಕೆ ಆ ಚಕ್ರ ಅಷ್ಟು ಜೋರಾಗಿ ಹಿಡಿಯುತ್ತೆ, ಮಳೇಲಿ ಹಿಂದಿನ ಒಂದು ಚಕ್ರ ಮೊದಲು ಲಾಕ್ ಆದ್ರೆ ಗಾಡಿ ಹಿಂಭಾಗ ತಿರುಗೋ ಅಪಾಯ ಇದೆ. ಬಲಗಡೆದೂ ಬದಲಿಸಿ ಅನ್ನೋಕೆ ಇದೂ ಒಂದು ಕಾರಣ.

ಫ್ಲೂಯಿಡ್ ಪೂರ್ತಿ ಹೊಸದು ಹಾಕ್ಸಿ, ನಾಲ್ಕೂ ಚಕ್ರದಿಂದ ಹಳೇದು ಹೊರಗೆ ಬರಲಿ. ಡಾಟ್ 3 (ಡಾಟ್ ಅನ್ನೋದು ಫ್ಲೂಯಿಡ್ ದರ್ಜೆ) ಹೊಸದಾಗಿದ್ದಾಗ ಕುದಿಯೋದು ಕಡಿಮೆ ಅಂದ್ರೂ 205 ಡಿಗ್ರಿಗೆ, ತೇವಾಂಶ ಕುಡಿದ ಮೇಲೆ ಅದರ ಮಿತಿ 140ಕ್ಕೆ ಇಳಿಯುತ್ತೆ, ಡಾಟ್ 4ಕ್ಕೆ ಅದೇ ಲೆಕ್ಕ 230 ಮತ್ತೆ 155. ಘಾಟ್ ಇಳಿಯೋವಾಗ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಬಂದ್ರೆ ಹಳೇ ಫ್ಲೂಯಿಡ್ ಒಳಗೇ ಕುದ್ದು ಆವಿ ಆಗುತ್ತೆ, ಆವಿ ಒತ್ತಿದ್ರೆ ಕುಗ್ಗುತ್ತೆ, ಬ್ರೇಕ್ ಹಿಡಿಯಲ್ಲ. ಡಬ್ಬಿ ಮುಚ್ಚಳದ ಮೇಲೆ ಬರೆದಿರೋದನ್ನೇ ಹಾಕಿ, ಡಾಟ್ 3 ಇರೋ ಕಡೆ ಡಾಟ್ 4 ಆಗುತ್ತೆ, ಬರೀ ಡಾಟ್ 5 ಅನ್ನೋದು ಸಿಲಿಕಾನ್, ಅದನ್ನ ಮಾತ್ರ ಇದಕ್ಕೆ ಬೆರೆಸಬಾರದು. ಸೀಲ್ ಒಡೆದು ವರ್ಷದಿಂದ ಶೆಲ್ಫಲ್ಲಿರೋ ಬಾಟ್ಲಿಯಿಂದ ಹಾಕ್ತೀನಿ ಅಂದ್ರೆ ಬೇಡ ಅನ್ನಿ. ಪೇಂಟ್ ಮೇಲೆ ಬಿದ್ರೆ ತಕ್ಷಣ ನೀರು ಹಾಕಿ, ಪೇಂಟ್ ಎಬ್ಬಿಸಿಬಿಡುತ್ತೆ.

ಏರ್ ತೆಗೆಯೋವಾಗ ಮಾಸ್ಟರ್ ಸಿಲಿಂಡರ್‌ಗೆ ದೂರ ಇರೋ ಚಕ್ರದಿಂದ ಶುರು ಮಾಡೋದು ರೂಢಿ, ನಮ್ಮ ಗಾಡಿಗಳಲ್ಲಿ ಸ್ಟಿಯರಿಂಗ್ ಬಲಗಡೆ ಇರೋದ್ರಿಂದ ಅದು ಹಿಂದಿನ ಎಡ. ಗಾಡಿ ಮ್ಯಾನ್ಯುಯಲಲ್ಲಿ ಬೇರೆ ಕ್ರಮ ಕೊಟ್ಟಿದ್ರೆ ಅದೇ ಸರಿ. ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಹಾಕಿ ಇನ್ನೊಂದು ತುದಿ ಸ್ವಲ್ಪ ಫ್ಲೂಯಿಡ್ ಇರೋ ಬಾಟ್ಲಿಯಲ್ಲಿ ಮುಳುಗಿಸಿಟ್ರೆ ಗುಳ್ಳೆ ಕಣ್ಣಿಗೆ ಕಾಣುತ್ತೆ. ಒಬ್ಬರು ಒತ್ತಿ ಹಿಡಿಯೋದು, ಇನ್ನೊಬ್ಬರು ನಿಪ್ಪಲ್ ಬಿಟ್ಟು ಮುಚ್ಚೋದು, ಮುಚ್ಚಿದ ಮೇಲೇ ಪೆಡಲಿಂದ ಕಾಲು ತೆಗೀಬೇಕು. ಹಳೇ ಗಾಡೀಲಿ ಪೆಡಲ್ ನೆಲಕ್ಕೆ ಮುಟ್ಟೋ ಹಾಗೆ ಒತ್ತಬೇಡಿ, ಮಾಸ್ಟರ್ ಸಿಲಿಂಡರಲ್ಲಿ ಅಷ್ಟು ದೂರ ಯಾವತ್ತೂ ಹೋಗದ ಜಾಗದಲ್ಲೂ ಅದೇ ಕೆಸರು ತುಕ್ಕು ಇರುತ್ತೆ, ಅಲ್ಲಿಯ ಸೀಲೂ ಹರಿಯುತ್ತೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟುಬಿಡಿ.

ಕೋಥ್ರೂಡ್_ಹುಬ್ಬಳ್ಳಿ:

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಮನಿ ಹತ್ರದ ಮೆಕ್ಯಾನಿಕ್ ಅವ್ರನ್ನ ಪಾರ್ಕಿಂಗಿಗೇ ಕರಸಿ ನಾನೂ ಮಗ್ಗಲಕ್ಕ ಕುಂತೆ. ಡ್ರಮ್ ಕೈಗೆ ಬರ್ಲಿಲ್ಲ, ಬಡೀಲಾರದಂಗ ನಡುವಿನ ನಟ್ ಬಿಚ್ಚಿ ಪುಲ್ಲರ್ ಹಾಕಿ ತಗದ್ರು, ಬೇರಿಂಗ್‌ನೂ ಜೋಡಿಗೇ ನೋಡಿದ್ರು, ಛಲೋ ಐತಿ. ಎಡಗಡೆ ಬೂಟ್ ಎತ್ತಿದ ಕೂಡ್ಲೇ ಕರೀ ಚಾ ಬಣ್ಣದ ಆಯಿಲ್ ಬ್ಯಾಕ್ ಪ್ಲೇಟ್ ಗುಂಟ ಇಳದು ಫರಸಿ ಮ್ಯಾಲ ಬಿತ್ತು. ಬೋರ್ ಒರಸಿ ಬ್ಯಾಟರಿ ಹಿಡದು ನೋಡಿದ್ರ ವಾಸ್ಕೋದವ್ರು ಹೇಳಿದಂಗ ಐತಿ, ಎರಡೂ ತುದಿಗೆ ಕನ್ನಡಿ ಆಗೇತಿ, ನಡುವ ತಳದಾಗ ಸೂಜಿ ಚುಚ್ಚಿದಂಥ ಕುಳಿ ಒತ್ತೊತ್ತಾಗಿ ಬಿದ್ದಾವ, ಉಗುರು ತಡೀತೈತಿ. ಕಪ್ಪಿನ ತುಟಿ ಒಂದು ಕಡೆ ಹರದೈತಿ. ಬಲಗಡೆ ಬೂಟ್‌ನ್ಯಾಗೂ ಆಯಿಲ್ ನಿಂತಿತ್ತು, ಹೊರಗ ಒಂದ್ ಹನಿ ಕಾಣ್ತಿದ್ದಿಲ್ಲ.

ಹಳೇವು ಎರಡೂ ಚೀಲದಾಗ ಹಾಕ್ಕೊಂಡು ನಾನಾ ಪೇಠ್‌ಗೆ ಹೋಗಿ ಅಳತಿ ಹೋಲಿಸಿ ಎರಡು ಹೊಸಾ ಸಿಲಿಂಡರ್, ಲೈನರ್ ಸೆಟ್, ಸೀಲ್ ಒಡೀಲಾರದ ಫ್ಲೂಯಿಡ್ ತಂದೆ. ಒಂದು ಕಡೆ ಪೂರಾ ಜೋಡಿಸಿದ ಮ್ಯಾಲೇ ಇನ್ನೊಂದು ಕಡೆ ಬಿಚ್ಚಿದ್ರು, ಸ್ಪ್ರಿಂಗ್ ಎಲ್ಲಿ ಹೋಗ್ತೈತಿ ಅಂತ ಗೊಂದಲ ಆದ್ರ ನೋಡಾಕ ಇರ್ಲಿ ಅಂತ. ಬ್ಲೀಡಿಂಗಿಗೆ ಅಪ್ಪಾಜಿ ಪೆಡಲ್ ಮ್ಯಾಲ ಕುಂತಿದ್ರು, ಮೊದಲಿಗೆ ಬಂದ ಆಯಿಲ್ ನೋಡಿ ಅವ್ರಿಗೂ ಗಾಬ್ರಿ ಆತು. ಈಗ ಪೆಡಲ್ ಮ್ಯಾಲೇ ಗಟ್ಟಿ ನಿಂದ್ರತೈತಿ.

ಒಂದ ಉಳದೈತಿ. ಹ್ಯಾಂಡ್‌ಬ್ರೇಕ್ ಈಗ ಜಗ್ಗಿದ್ರ ಎರಡ ಟಿಕ್ಕಿಗೆ ಹಿಡೀತೈತಿ, ಮೊದ್ಲ ಭಾಳ ಮ್ಯಾಲ ಬರ್ತಿತ್ತು. ಜ್ಯಾಕ್ ಮ್ಯಾಲ ಹಿಂದಿನ ಗಾಲಿ ಕೈಲೇ ತಿರುಗಿಸಿದ್ರ ಬಲಗಡೆದು ಸ್ವಲ್ಪ ಜಡ ಐತಿ. ಹಂಗ ಬಿಡಬಹುದಾ?

ವಾಸ್ಕೋ_ವಿಜಯಪುರ:

ಬಿಡಬ್ಯಾಡ್ರಿ. ಹಳೇ ಲೈನರ್ ಸವದಾಗ ಯಾರೋ ಹ್ಯಾಂಡ್‌ಬ್ರೇಕ್ ವಾಯರ್ ಬಿಗಿ ಮಾಡಿಟ್ಟಾರ, ಹೊಸಾ ದಪ್ಪನ್ನ ಲೈನರಿಗೆ ಅದು ಜಾಸ್ತಿ ಆಗ್ಯದ. ವಾಯರ್ ಪೂರಾ ಸಡಿಲ ಮಾಡಿಸ್ರಿ, ಆಮ್ಯಾಲ ಎಂಜಿನ್ ಚಾಲೂ ಇಟ್ಟು ಪೆಡಲ್ ಹತ್ತಿಪ್ಪತ್ತು ಸಲ ಗಟ್ಟಿಯಾಗಿ ಒತ್ತಿ ಬಿಡ್ರಿ, ಒಳಗಿನ ಅಡ್ಜಸ್ಟರ್ ಲೈನರನ್ನ ಡ್ರಮ್ ಹತ್ರ ತಂದು ಕೂಡಸ್ತದ. ಅದಾದ ಮ್ಯಾಲ ಗಾಲಿ ಆರಾಮ ತಿರುಗ್ತಾವೋ ನೋಡಿ ವಾಯರನ್ನ ಮ್ಯಾನ್ಯುಯಲ್‌ದಾಗ ಕೊಟ್ಟಷ್ಟು ಟಿಕ್ಕಿಗೆ ಹೊಂದಿಸ್ರಿ. ಮೊದ್ಲ ಲೈನರ್, ಆಮ್ಯಾಲ ವಾಯರ್, ಇದನ್ನ ತಿರುವಿ ಮಾಡಬಾರದು, ಜಡಾ ಇಟ್ಕೊಂಡು ಸಾತಾರಾ ಮುಟ್ಟೂದ್ರಾಗ ಡ್ರಮ್ ಕಾದು ವಾಸನಿ ಬರ್ತದ.

ಎಂಜಿನ್ ಚಾಲೂ ಇದ್ದಾಗೇ ಪೆಡಲ್ ಪೂರಾ ಜೋರಿನಿಂದ ಒಂದು ನಿಮಿಷ ಒತ್ತಿ ಹಿಡೀರಿ, ಕಾಲು ಮೆಲ್ಲಕ ಕೆಳಗ ಇಳೀತಂದ್ರ ಇನ್ನೂ ಎಲ್ಲೋ ಸೋರ್ತದ ಇಲ್ಲಾ ಮಾಸ್ಟರ್ ಸಿಲಿಂಡರ್ ನೋಡಬೇಕು. ಊರಿಗೆ ಹೊಂಡೂಕಿಂತ ಮೊದ್ಲ ಎರಡ್ಮೂರು ದಿನ ಪುಣೇದಾಗೇ ಓಡಿಸಿ ಪೈಪಿನ ನಟ್ಟಿನ ಬುಡಕ್ಕ ಮತ್ತ ಟೈರಿನ ಒಳಮಗ್ಗಲಿಗೆ ಬೆರಳಾಡಿಸಿ ನೋಡ್ರಿ, ಡಬ್ಬಿ ಗೆರಿ ಪೆನ್ನಿಲೆ ಗುರ್ತು ಮಾಡ್ರಿ. ಘಾಟಿನ್ಯಾಗ ಇಳಿಜಾರು ಬಂದ್ರ ಎರಡನೇ ಇಲ್ಲಾ ಮೂರನೇ ಗೇರಿನ್ಯಾಗೇ ಇಳೀರಿ. ಹುಬ್ಬಳ್ಳಿ ಮುಟ್ಟಿದ ಮ್ಯಾಲ ಗಾಡಿ ನಾಲ್ಕಾರು ದಿನ ನಿಲ್ಲೂದಿದ್ರ, ಅದೂ ಮಳ್ಯಾಗ ತೊಯ್ದು ಬಂದಿದ್ರ, ಹ್ಯಾಂಡ್‌ಬ್ರೇಕ್ ಜಗ್ಗಿ ಇಡಬ್ಯಾಡ್ರಿ, ಲೈನರ್ ಡ್ರಮ್ಮಿಗೆ ಕಚ್ಚಿಕೋತದ. ಗೇರಿನ್ಯಾಗ ಹಾಕಿ ಗಾಲಿಗೆ ಕಲ್ಲು ಕೊಡ್ರಿ.